ಭಾನುವಾರ ನರಮಂಡಲದ ಪಾಠ: ಸ್ಕೇಲ್ ಮರೀಬೇಡಿ

ಎಲ್ಲರಿಗೂ ನಮಸ್ಕಾರ.

ಹತ್ತನೇ ತರಗತಿ ಮಕ್ಕಳಿಗೆ ಈ ಭಾನುವಾರ ಬೆಳಿಗ್ಗೆ 10ಕ್ಕೆ ಲೈಬ್ರರಿ ಹಾಲ್‌ನಲ್ಲಿ ವಿಜ್ಞಾನದ ಕ್ಲಾಸ್ ಇದೆ. ಪಾಠ: ನರಮಂಡಲ. ಒಂಬತ್ತನೇ ತರಗತಿಯವರಿಗೆ ಈ ವಾರ ರಜೆ.

ಪ್ರತಿಯೊಬ್ಬರೂ 30 ಸೆಂ.ಮೀ. ಸ್ಕೇಲ್ ತರಬೇಕು. ಒಬ್ಬರು ಸ್ಕೇಲನ್ನು ಮೇಲಿಂದ ಬಿಡ್ತಾರೆ, ಇನ್ನೊಬ್ಬರು ಎರಡು ಬೆರಳಲ್ಲಿ ಹಿಡೀಬೇಕು. 20 ಸೆಂ.ಮೀ. ಬಿದ್ದಮೇಲೆ ಹಿಡಿದರೆ ಸುಮಾರು 0.2 ಸೆಕೆಂಡ್ ಆಗಿರುತ್ತದೆ. ಅಷ್ಟರಲ್ಲೇ ಕಣ್ಣಿಂದ ಮೆದುಳಿಗೆ, ಅಲ್ಲಿಂದ ಬೆನ್ನುಹುರಿಯ ಮೂಲಕ ಕೈಗೆ ಸಂದೇಶ ಬಂದಿರುತ್ತದೆ!

ಬಿಸಿ ತವಾ ಮುಟ್ಟಿದಾಗ ಹೀಗಲ್ಲ. ಕೈ ಎಳೆದುಕೊಳ್ಳುವ ಆದೇಶ ಬೆನ್ನುಹುರಿಯಿಂದಲೇ ಬರುತ್ತದೆ, ಉರಿ ಗೊತ್ತಾಗೋದು ಆಮೇಲೆ. ಮಕ್ಕಳು ಜಾಸ್ತಿ ಗೊಂದಲ ಮಾಡಿಕೊಳ್ಳೋದು ಇಲ್ಲೇ. ಅದಕ್ಕೇ ಅರ್ಧ ಗಂಟೆ ಇದಕ್ಕೇ ಇಟ್ಟಿದ್ದೇವೆ. ಮೆದುಳಿನಿಂದ ಹೊರಡುವ 12 ಜೊತೆ, ಬೆನ್ನುಹುರಿಯ 31 ಜೊತೆ ನರಗಳನ್ನು ಸುಮ್ನೆ ಉರುಹೊಡೆಯೋದು ಬೇಡ, ಚಿತ್ರ ಬರೆಸುತ್ತೇವೆ. ಬಿಳಿ ಹಾಳೆ, ಪೆನ್ಸಿಲ್ ಇರಲಿ.

ರಾತ್ರಿ ಓದಿಸಿ ನಿದ್ದೆಗೆಡಿಸಬೇಡಿ. ಓದಿದ್ದು ನೆನಪಲ್ಲಿ ಕೂರೋಕೆ ಮೆದುಳಿಗೆ ನಿದ್ದೆ ಬೇಕೇ ಬೇಕು.

ಯಾರು ಬರ್ತಾರೆ ಅಂತ ಶುಕ್ರವಾರ ಸಂಜೆಯೊಳಗೆ ಮಗುವಿನ ಹೆಸರು ಹಾಕಿ ತಿಳಿಸಿ. ಮನೆಯಲ್ಲಿ ಹೆಚ್ಚಿನ ಸ್ಕೇಲ್ ಇದ್ದವರು ದಯವಿಟ್ಟು ಕಳಿಸಿಕೊಡಿ.