ಫೋನ್ ಇಡದೆ ಕಾದ ಆ ಅಕ್ಕನಿಗೆ

ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಮಗಳ ಪಿಟೀಲಿನ ಕಮಾನು ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ಸಂಗೀತ ಪರೀಕ್ಷೆಗೆ ಒಂಬತ್ತೇ ದಿನ. ಸೂಪರ್ ಮಾರ್ಕೆಟ್ ಪೇಟೆಯೆಲ್ಲ ಸುತ್ತಿದರೂ ಹೊಸದು ಸಿಗಲಿಲ್ಲ. ರಾತ್ರಿ ಗಾಬರಿಯಲ್ಲೇ ಆನ್‌ಲೈನ್‌ನಲ್ಲಿ 4/4, ಅಂದರೆ ದೊಡ್ಡವರ ಪೂರ್ಣ ಅಳತೆಯ ಮರದ ಕಮಾನೊಂದಕ್ಕೆ ದುಡ್ಡು ಕಟ್ಟಿಬಿಟ್ಟೆ.

ಬೆಳಿಗ್ಗೆ ಅಂಗಡಿಯಿಂದ ಫೋನ್. “ನುಡಿಸೋರು ಮಕ್ಕಳಾ? ಪಿಟೀಲಿನ ಒಳಗಿನ ಚೀಟಿ ನೋಡ್ತೀರಾ?” ಟಾರ್ಚ್ ಹುಡುಕಿ, ರಂಧ್ರದೊಳಗೆ ಬೆಳಕು ಬಿಟ್ಟು ಓದಿದೆ: 3/4, ಮಕ್ಕಳ ಚಿಕ್ಕ ಅಳತೆ. ಅಷ್ಟೂ ಹೊತ್ತು ಆಕೆ ಫೋನ್ ಇಡಲಿಲ್ಲ, ಅವಸರ ಮಾಡಲಿಲ್ಲ. ಊರು ಕೇಳಿ, “ಅಷ್ಟು ಬಿಸಿಲಿಗೆ ಕಾರ್ಬನ್ ಫೈಬರ್ ವಾಸಿ, ಮರದ ಹಾಗೆ ಬಾಗಲ್ಲ” ಎಂದು ಆರ್ಡರ್ ಬದಲಿಸಿದರು. ಮಿಕ್ಕ ಹಣ ಸಂಜೆಯೇ ಖಾತೆಗೆ ಬಂತು.

ಐದನೇ ದಿನ ಪೊಟ್ಟಣ ಬಿಚ್ಚಿದರೆ ಜೊತೆಗೊಂದು ರಾಳದ ತುಂಡು, ರಸೀದಿಯಲ್ಲಿ ಇರದದ್ದು. ಕೈಬರಹದ ಚೀಟಿ: “ಕಮಾನಿನ ಹೊಸ ಕೂದಲಿಗೆ ರಾಳ ಚೆನ್ನಾಗಿ ತಿಕ್ಕಿ, ಇಲ್ಲದಿದ್ದರೆ ದನಿ ಹೊರಡದು. ನುಡಿಸಿದ ಮೇಲೆ ಕೂದಲು ಬಿಗಿ ಮಾಡುವ ತಿರುಪು ಸಡಿಲಿಸಿ.” ನಾವು ಎರಡು ವರ್ಷ ಒಮ್ಮೆಯೂ ಸಡಿಲಿಸಿರಲಿಲ್ಲ. ಹಳೆಯದು ಕೆಟ್ಟದ್ದು ಬರೀ ಬಿಸಿಲಿಗಲ್ಲ.

ಅಕ್ಕಾ, ನಿಮ್ಮ ಹೆಸರು ಕೇಳುವುದೇ ಮರೆತೆ. ಮಗಳು ಷಡ್ಜ ಎಳೆದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತ್ತು. ತುಂಬಾ ಧನ್ಯವಾದ.