ಕೈಕೆಲಸದ ಹದವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ಐದೂವರೆ ತಿಂಗಳು ನಾನು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ 38 ವರ್ಷ ತಗಡಿನ ಕೆಲಸ ಮಾಡಿ 2011ರಲ್ಲಿ ನಿವೃತ್ತನಾದವನು ನಾನು. ನಿವೃತ್ತಿಯ ನಂತರ ಕೊಡತಿ, ಅಂದರೆ ಮರದ ಸುತ್ತಿಗೆ, ಹಿಡಿದಿರಲಿಲ್ಲ. ಅಲ್ಲಿ ಮತ್ತೆ ಹಿಡಿದೆ. ಕೈಕೆಲಸದ ವಿಧಾನಗಳಿಗೂ ನಿಮ್ಮ ಪತ್ರಿಕೆಯಲ್ಲಿ ಜಾಗ ಕೊಡಿ ಎಂಬ, ಅದರಿಂದ ಹುಟ್ಟಿದ ಒಂದು ಕೋರಿಕೆಯನ್ನು ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಆದರೂ ದಯವಿಟ್ಟು ಕತ್ತರಿಸಬೇಡಿ.

ನನ್ನ ಅಳಿಯ ಶನಿವಾರ, ಭಾನುವಾರಗಳಲ್ಲಿ ಗ್ಯಾರೇಜಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಗಾಡಿಯೊಂದನ್ನು ಕಟ್ಟುತ್ತಿದ್ದ. ಕಾಡಿನ ಅಂಚಿನಲ್ಲಿ ನಿಲ್ಲಿಸಿ ರಾತ್ರಿ ಮಲಗುವುದಕ್ಕೆಂದು. ಅಲ್ಲಿಯವರು ಅದನ್ನು ಟಿಯರ್‌ಡ್ರಾಪ್ ಎನ್ನುತ್ತಾರೆ. ಪಕ್ಕದಿಂದ ನೋಡಿದರೆ ಕಣ್ಣೀರಿನ ಹನಿಯನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತದೆ. ಅಗಲ ನಾಲ್ಕು ಅಡಿ, ಉದ್ದ ಎಂಟು ಅಡಿ. ಪ್ಲೈವುಡ್ ಹಲಗೆಯ ಅಳತೆಯೇ ಗಾಡಿಯ ಅಳತೆ. ಒಳಗೆ ಇಬ್ಬರು ಮಲಗಬಹುದು. ಹಿಂದಿನ ಮುಚ್ಚಳ ಎತ್ತಿದರೆ ಒಲೆ ಇಡುವ ಕಟ್ಟೆ, ಡಬ್ಬಿಗಳ ಗೂಡು. 1930ರ ದಶಕದಿಂದಲೇ ಅಲ್ಲಿನ ಸಾಮಾನ್ಯ ಜನ ಇಂಥ ಗಾಡಿಗಳನ್ನು ಮನೆಯಲ್ಲೇ ಕಟ್ಟುತ್ತಿದ್ದಾರೆ. ಮೆಕಾನಿಕ್ಸ್ ಇಲ್ಲಸ್ಟ್ರೇಟೆಡ್ ಎಂಬ ಮಾಸಪತ್ರಿಕೆ 1947ರಲ್ಲಿ ನಕ್ಷೆ, ಅಳತೆಗಳ ಸಮೇತ ಒಂದು ಗಾಡಿಯನ್ನು ಪ್ರಕಟಿಸಿತ್ತು. ಅದನ್ನು ಮುಂದಿಟ್ಟುಕೊಂಡು ಇಂದಿಗೂ ಗಾಡಿ ಕಟ್ಟುವವರಿದ್ದಾರೆ ಎಂದು ಅಳಿಯ ಹೇಳಿದಾಗ ನಾನು ಬಹಳ ಹೊತ್ತು ಯೋಚಿಸುತ್ತಾ ಕುಳಿತೆ.

ನಾನು ಹೋಗುವ ಹೊತ್ತಿಗೆ ಗಾಡಿಯ ಮೈಗೆ ಅಲ್ಯೂಮಿನಿಯಂ ತಗಡು ಹೊದಿಸಿಯಾಗಿತ್ತು. ಚಾವಣಿಯ ತಗಡು ಪಕ್ಕದ ತಗಡನ್ನು ಸೇರುವ ಅಂಚಿಗೆ ‘ಎಲ್’ ಆಕಾರದ ಪಟ್ಟಿ ಕೂರಿಸುವುದು ಬಾಕಿ ಇತ್ತು. ನೋಡುವವರಿಗೆ ಅದು ಅಲಂಕಾರ. ಆದರೆ ಮಳೆನೀರು ಪ್ಲೈವುಡ್ಡಿನ ಸೀಳಿಗೆ ಇಳಿಯದಂತೆ ಕಾಯುವುದು ಅದೊಂದೇ. ಆ ಪಟ್ಟಿ ಗಾಡಿಯ ಮೂತಿಯ ಬಾಗಿನ ಮೇಲೆ ಸುಕ್ಕಿಲ್ಲದೆ ಕೂರಬೇಕು.

ಅಳಿಯ ಇಂಜಿನಿಯರ್, ಬುದ್ಧಿವಂತ. ಪಟ್ಟಿಯನ್ನು ತಣ್ಣಗಿರುವಾಗಲೇ ಬಾಗಿಸಿದ. ಪಕ್ಕದ ಮಗ್ಗುಲು ಅಲೆಅಲೆಯಾಗಿ ಎದ್ದಿತು. ಆ ಅಲೆಗಳನ್ನು ಸಿಮೆಂಟ್ ನೆಲದ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿದ. ಮೂರನೆಯ ಅಲೆಯ ಹತ್ತಿರ ಪಟ್ಟಿ ಸೀಳಿತು. ಎರಡನೆಯ ಪಟ್ಟಿಯೂ ಹಾಗೇ ಹೋಯಿತು. ಕೊನೆಗೆ ಮಗ್ಗುಲಿಗೆ ಅಲ್ಲಲ್ಲಿ ‘ವಿ’ ಆಕಾರದ ಕಚ್ಚು ಹಾಕಿ ಬಾಗಿಸುವುದೆಂದು ಹೊರಟ. ಹಾಗೆ ಮಾಡುವವರು ಬಹಳ ಜನ ಇದ್ದಾರಂತೆ. ನನಗೆ ಅದು ಒಪ್ಪುವುದಿಲ್ಲ. ಪ್ರತಿ ಕಚ್ಚೂ ನೀರಿಗೆ ತೆರೆದ ಬಾಗಿಲು. ‘ಒಂದು ವಾರ ನನಗೆ ಬಿಡು’ ಎಂದೆ.

ಪಟ್ಟಿಯ ಒಂದು ಮಗ್ಗುಲು ಚಾವಣಿಯ ಮೇಲೆ ಕೂರುತ್ತದೆ, ಇನ್ನೊಂದು ಪಕ್ಕಕ್ಕೆ ಇಳಿಯುತ್ತದೆ. ಇಳಿದ ಮಗ್ಗುಲು ಬಾಗಿನ ಒಳಗಡೆ ಇರುವುದರಿಂದ ಅದಕ್ಕೆ ಸಿಗುವ ದಾರಿ ಚಿಕ್ಕದು. ನಮ್ಮ ಪಟ್ಟಿಯ ಮಗ್ಗುಲು ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್. ಕಾಲು ಸುತ್ತು ಬಾಗುವಾಗ ಅದರ ಒಳ ಅಂಚು ಹೊರ ಅಂಚಿಗಿಂತ ಸುಮಾರು 30 ಮಿಲಿಮೀಟರ್ ಗಿಡ್ಡವಾಗಲೇಬೇಕು. ಬಾಗು ದೊಡ್ಡದಿರಲಿ, ಚಿಕ್ಕದಿರಲಿ, ಆ 30 ಬದಲಾಗುವುದಿಲ್ಲ. ದೊಡ್ಡ ಬಾಗಿನಲ್ಲಿ ಹೆಚ್ಚು ಉದ್ದಕ್ಕೆ ಹಂಚಿಹೋಗುತ್ತದೆ, ಅಷ್ಟೇ. ಲೋಹ ಮೆತ್ತಗಿದ್ದರೆ ಆ ಹೆಚ್ಚುವರಿಯನ್ನು ತನ್ನೊಳಗೇ ನುಂಗಿಕೊಂಡು ದಪ್ಪವಾಗುತ್ತದೆ. ಗಡಸಾಗಿದ್ದರೆ ಸೀರೆಯ ನೆರಿಗೆಯಂತೆ ಮಡಿಸಿಕೊಳ್ಳುತ್ತದೆ.

ಪಟ್ಟಿಯ ಚೀಟಿಯಲ್ಲಿ 6063-ಟಿ5 ಎಂದಿತ್ತು. 6063 ಎಂದರೆ ಮೆಗ್ನೀಸಿಯಮ್ ಮತ್ತು ಸಿಲಿಕಾನ್ ಬೆರೆತ ಮಿಶ್ರಲೋಹ. ನಮ್ಮ ಮನೆಗಳ ಅಲ್ಯೂಮಿನಿಯಂ ಕಿಟಕಿಗಳ ಚೌಕಟ್ಟೂ ಹೆಚ್ಚಾಗಿ ಅದೇ. ಟಿ5 ಎಂದರೆ ಅಚ್ಚಿನಿಂದ ಬಿಸಿಯಾಗಿ ಹೊರಬಂದು ತಣಿದ ಮೇಲೆ, ಮತ್ತೆ ಹಿತವಾದ ಶಾಖದಲ್ಲಿಟ್ಟು ಗಡಸು ಮಾಡಿದ್ದು. ಆ ಗಡಸನ್ನು ಇಳಿಸದೆ ಬಾಗಿಸಲು ಹೋಗಿದ್ದೇ ತಪ್ಪು.

ಇಳಿಸುವುದು ಹೇಗೆ ಎಂಬುದನ್ನು ನನಗೆ 1974ರಲ್ಲಿ ಒಬ್ಬ ಹಿರಿಯರು ತೋರಿಸಿಕೊಟ್ಟಿದ್ದರು. ವಿಮಾನಕ್ಕೆ ಹೋಗುವ ಭಾಗಗಳಿಗೆ ಕುಲುಮೆ ಇತ್ತು, ತಾಪಮಾಪಕ ಇತ್ತು. ಅಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ಕಲಿಯುವ ಹುಡುಗರ ಮಾದರಿ ತುಣುಕುಗಳಿಗೆ ಮಾತ್ರ ಆ ಹಿರಿಯರ ಸೋಪಿನ ಉಪಾಯ. ಕಬ್ಬಿಣದಂತೆ ಅಲ್ಯೂಮಿನಿಯಂ ಕಾದಾಗ ಕೆಂಪಗಾಗುವುದಿಲ್ಲ. ನೋಡುವುದಕ್ಕೆ ತಣ್ಣಗಿದ್ದಂತೆಯೇ ಇದ್ದು, ಈ ಮಿಶ್ರಲೋಹ 600 ಡಿಗ್ರಿ ಸೆಲ್ಸಿಯಸ್ ದಾಟಿದ ಸ್ವಲ್ಪದರಲ್ಲೇ ಕುಸಿದುಬೀಳುತ್ತದೆ. ಹಾಗಾಗಿ ಬಟ್ಟೆ ಒಗೆಯುವ ಬಾರ್ ಸೋಪನ್ನು ಪಟ್ಟಿಗೆ ಸವರಬೇಕು. ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಬೀಸಣಿಗೆಯಂತೆ ಆಡಿಸುತ್ತಿರಬೇಕು. ಸೋಪು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಚೆನ್ನಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ಬಂದ ಕ್ಷಣ ಜ್ವಾಲೆ ತೆಗೆದುಬಿಡಬೇಕು. ಅಷ್ಟು ಹೊತ್ತಿಗೆ ಶಾಖ ಸುಮಾರು 350ರಿಂದ 400 ಡಿಗ್ರಿ ಮುಟ್ಟಿರುತ್ತದೆ. ನೀರು ಸುರಿಯಬಾರದು, ತಾನಾಗಿ ಆರಲಿ. ಬಣ್ಣ ಹಚ್ಚಿದ ಪಟ್ಟಿಗೆ ಈ ಕೆಲಸ ಆಗದು. ಪ್ಲಾಸ್ಟಿಕ್ ಪೊರೆ ಇದ್ದರೆ ಮೊದಲೇ ಸುಲಿಯಬೇಕು. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಹೀಗೆ ಮೆದುವಾದ ಪಟ್ಟಿ ಅಂಚು ಮುಚ್ಚುವುದಕ್ಕೆ ಮಾತ್ರ, ಭಾರ ಹೊರುವ ಜಾಗಕ್ಕೆ ಎಂದೂ ಸಲ್ಲದು.

ಉಳಿದ ಪ್ಲೈವುಡ್ಡಿನಲ್ಲಿ ಗಾಡಿಯ ಮೂತಿಯದೇ ಬಾಗನ್ನು ಕೊಯ್ದು ಅಚ್ಚು ಮಾಡಿದೆ, ನಿಜವಾದ ಬಾಗಿಗಿಂತ ಒಂದಿಷ್ಟು ಬಿಗಿಯಾಗಿ. ಏಕೆಂದರೆ ಕೈಬಿಟ್ಟಾಗ ಪಟ್ಟಿ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಇಳಿದ ಮಗ್ಗುಲನ್ನು ಅಚ್ಚಿಗೂ ಇನ್ನೊಂದು ಹಲಗೆಗೂ ನಡುವೆ ಸಿಕ್ಕಿಸಿ ಬಿಗಿದೆ. ಏಳಲು ಜಾಗವೇ ಇಲ್ಲದಿದ್ದರೆ ನೆರಿಗೆ ಹೇಗೆ ಎದ್ದೀತು? ಬಾಗಿನ ನಡುವಿನಿಂದ ಶುರುಮಾಡಿ ಎರಡೂ ತುದಿಯ ಕಡೆಗೆ ಕೊಡತಿಯಿಂದ ತಟ್ಟುತ್ತಾ ಹೋದೆ. ತಟ್ಟಿದಷ್ಟೂ ಲೋಹ ಮತ್ತೆ ಗಡಸಾಗುತ್ತದೆ. ಮೆತ್ತಗಿದ್ದಾಗ ‘ದಬ್’ ಎನ್ನುವ ಸದ್ದು ‘ಟಣ್’ ಎನ್ನತೊಡಗಿದರೆ ನಿಲ್ಲಿಸಿ ಮತ್ತೆ ಸೋಪು ಹಚ್ಚಬೇಕು. ನಾನು ಒಂದೊಂದು ಪಟ್ಟಿಗೆ ಮೂರು ಸಲ ಕಾಯಿಸಿದೆ.

ಸ್ಕ್ರೂ ತೂತುಗಳನ್ನು ಬಾಗಿಸಿದ ಮೇಲೆಯೇ ಕೊರೆಯಬೇಕು. ಮೊದಲೇ ಕೊರೆದರೆ ಪಟ್ಟಿ ತೂತಿನ ಹತ್ತಿರವೇ ಮುರಿದು ಕೋನವಾಗುತ್ತದೆ. ಮೂರು ಮೀಟರ್ ಪಟ್ಟಿ ಅಲ್ಲಿನ ಚಳಿಗಾಲಕ್ಕೂ ಬೇಸಿಗೆಯ ಬಿಸಿಲಿಗೂ ನಡುವೆ ನಾಲ್ಕು ಮಿಲಿಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಅದಕ್ಕಾಗಿ ತೂತುಗಳನ್ನು ಉದ್ದುದ್ದಕ್ಕೆ ಅರದಿಂದ ತೀಡಿ, ಅಡಿಗೆ ನೀರು ತಡೆಯುವ ಅಂಟು ರಬ್ಬರಿನ ಬ್ಯೂಟೈಲ್ ಟೇಪು ಕೊಟ್ಟು, ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆವು.

ಗಾಡಿಯನ್ನು ಹಾಕಿಂಗ್ ಹಿಲ್ಸ್ ಉದ್ಯಾನಕ್ಕೆ ಒಯ್ದ ಮೊದಲ ರಾತ್ರಿಯೇ ಮಳೆ ಸುರಿಯಿತು. ಬೆಳಗ್ಗೆ ನಾನು ಒಳಗಿನ ಮೂಲೆಮೂಲೆಯನ್ನು ಒಣ ಕಾಗದದಿಂದ ಒತ್ತಿ ನೋಡಿದೆ. ಒಂದು ಹನಿಯೂ ಇರಲಿಲ್ಲ.

ಈಗ ನನ್ನ ಕೋರಿಕೆ. ಕೆಲಸದ ಉದ್ದಕ್ಕೂ ಹದಿಮೂರು ವರ್ಷದ ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಳು. ‘ತಾತ, ಇದೆಲ್ಲ ಯಾವ ಪುಸ್ತಕದಲ್ಲಿದೆ?’ ಎಂದು ಕೇಳಿದಳು. ಇಂಗ್ಲಿಷಿನಲ್ಲಿ ಇರುತ್ತದೆ ಎಂದೆ. ‘ಕನ್ನಡದಲ್ಲಿ?’ ಎಂದಳು. ನಾನು ಓದಿದ್ದಿಲ್ಲ. ಆ ಹಿರಿಯರು ಒಂದು ಸಾಲನ್ನೂ ಬರೆದಿಡದೆ ಹೋದರು. ಸದ್ದು ಕೇಳಿಯೇ ಲೋಹದ ಹದ ಹೇಳುತ್ತಿದ್ದ ಮನುಷ್ಯ ಅವರು. ನನ್ನ ಕೈಕೆಳಗೆ ಕಲಿಯಲು ಬರುತ್ತಿದ್ದ ಹಳ್ಳಿಯ ಹುಡುಗರು ಕೈಯಲ್ಲಿ ಚುರುಕು, ಇಂಗ್ಲಿಷ್ ಕೈಪಿಡಿಯ ಮುಂದೆ ಮಾತ್ರ ತಲೆ ತಗ್ಗಿಸುತ್ತಿದ್ದರು. ಅವರಿಗಾಗಿ ನಾನೂ ಏನನ್ನೂ ಬರೆದಿಡಲಿಲ್ಲವಲ್ಲ ಎಂಬುದು ಈಗ ಚುಚ್ಚುತ್ತಿದೆ.

ಪತ್ರಿಕೆಗಳು ಕುಶಲಕರ್ಮಿಗಳ ಬಗ್ಗೆ ಬರೆಯುವುದಿಲ್ಲವೆಂದು ನಾನು ಹೇಳುವುದಿಲ್ಲ. ಬರೆಯುತ್ತವೆ. ಕಂಚುಗಾರರ ಭಾವಚಿತ್ರ ಬರುತ್ತದೆ, ಅವರ ಬಡತನ ಬರುತ್ತದೆ, ಕಸುಬು ಅಳಿವಿನಂಚಿನಲ್ಲಿದೆ ಎಂಬ ಶೀರ್ಷಿಕೆ ಬರುತ್ತದೆ. ಎಷ್ಟು ಕಾಯಿಸುತ್ತಾರೆ, ಯಾವ ಬಣ್ಣ ಬಂದಾಗ ನಿಲ್ಲಿಸುತ್ತಾರೆ, ಎಲ್ಲಿ ಒಡೆಯುತ್ತದೆ ಎಂಬುದು ಬರುವುದಿಲ್ಲ. ಅಡುಗೆಗೆ ಪ್ರತಿ ವಾರ ಅಳತೆಯ ಸಮೇತ ಜಾಗ ಕೊಡುತ್ತೀರಿ. ಸಾರಿನ ಪುಡಿ ಎಷ್ಟು ಚಮಚ ಎಂದು ಹೇಳುವ ಹಾಗೆಯೇ ತಗಡಿನ ಹದವನ್ನೂ ಹೇಳಬಹುದು. 1988ರಿಂದ ಪುತ್ತೂರಿನಿಂದ ಬರುತ್ತಿರುವ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟು ಬರೆಸಿತು. ರೈತರು ಬರೆಯಬಲ್ಲರಾದರೆ ಬಡಗಿ, ಕಮ್ಮಾರ, ಬಸ್ಸಿನ ಮೈ ಕಟ್ಟುವವರು, ಗಾಜು ಕೊಯ್ಯುವವರು ಏಕೆ ಬರೆಯಲಾರರು?

ನಿಮ್ಮ ಭಾನುವಾರದ ಪುರವಣಿಯಲ್ಲಿ ವಾರಕ್ಕೆ ಕಾಲು ಪುಟ ಕೊಡಿ. ಬರೆಯಲು ಬಾರದವರ ಹತ್ತಿರ ವರದಿಗಾರರನ್ನು ಕಳುಹಿಸಿ, ಅವರು ಹೇಳಿದ್ದನ್ನು ಅಂಕಿಗಳ ಸಮೇತ ಬರೆಸಿಕೊಳ್ಳಿ. ಹೊಗಳಿಕೆ ಬೇಡ, ವಿಧಾನ ಬೇಕು. ಮೊದಲ ಕಂತಿಗೆ ಈ ಪತ್ರದ ಜೊತೆ ಪಟ್ಟಿ ಬಾಗಿಸುವ ಪ್ಲೈವುಡ್ ಅಚ್ಚಿನ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ. ಪುಟಕ್ಕೆ ಹೊಂದಿಸಲು ನಕ್ಷೆಯನ್ನು ಚಿಕ್ಕದಾಗಿಸುವುದಾದರೆ, ಅದರ ಕೆಳಗೆ ಎಳೆದಿರುವ ಅಳತೆಗೆರೆಯನ್ನು ಬಿಡದೆ ಜೊತೆಗೇ ಅಚ್ಚು ಮಾಡಿ.

— ನಿವೃತ್ತ ತಗಡು ಕೆಲಸಗಾರ, ವಿಭೂತಿಪುರ, ಬೆಂಗಳೂರು