ಗೋಕಾಕ ಫಾಲ್ಸ್‌ನ ಫಲಕದ ಕಡತ ಯಾರ ಮೇಜಿನ ಮೇಲಿದೆಯೋ ಅವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಹುದ್ದೆಯನ್ನು ಹೆಸರಿಸದೆ ಬರೆಯುತ್ತಿರುವುದು ಅಗೌರವದಿಂದಲ್ಲ. ಒಂಬತ್ತು ವರ್ಷಗಳಲ್ಲಿ ನನ್ನ ಅರ್ಜಿ ಎಷ್ಟು ಮೇಜುಗಳನ್ನು ಸುತ್ತಿದೆಯೆಂದರೆ, ಅದು ಈಗ ಯಾರ ಬಳಿ ಇದೆಯೆಂದು ಹೇಳಬಲ್ಲವರೇ ಸಿಗುತ್ತಿಲ್ಲ. ನಾನು ಕೇಳಿದ್ದು ತೂಗುಸೇತುವೆಯ ಬಳಿ, ನಮ್ಮ ಗಿರಣಿ ಊರಿನ ಚರಿತ್ರೆಯನ್ನೂ ಭೂಗೋಳವನ್ನೂ ಕನ್ನಡದಲ್ಲಿ ತಿಳಿಸುವ ಒಂದು ಫಲಕವನ್ನು ಮಾತ್ರ.

ಮಳೆಗಾಲದಲ್ಲಿ ಬರುವ ಜನ ಕೆಂಪು ನೀರಿನ ಧಬಧಬೆಯನ್ನು ನೋಡಿ, ಫೋಟೊ ತೆಗೆದುಕೊಂಡು, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಗೋಕಾಕ ಎಂದೊಡನೆ ಕನ್ನಡ ಚಳವಳಿಯನ್ನು ನೆನೆಯುವವರೂ ಇದ್ದಾರೆ. ಆ ಚಳವಳಿಗೆ ಹೆಸರು ಬಂದದ್ದು ವಿ. ಕೃ. ಗೋಕಾಕರ ಸಮಿತಿಯ ವರದಿಯಿಂದಲೇ ಹೊರತು ನಮ್ಮ ಊರಿನಿಂದಲ್ಲ. ನಮ್ಮ ಊರು ಹುಟ್ಟಿದ್ದು ಬಂಡೆಯಿಂದ. ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆ ಇಲ್ಲಿ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಆ ಬೀಳುವ ನೀರಿನ ಬಲವನ್ನು ನೆಚ್ಚಿಯೇ 1885ರಲ್ಲಿ ಇಲ್ಲಿ ಹತ್ತಿ ಗಿರಣಿಯ ಕಂಪನಿ ಹುಟ್ಟಿತು. ಅದರ ಹೆಸರಿನಲ್ಲೇ 'ವಾಟರ್ ಪವರ್' ಎಂಬ ಮಾತಿತ್ತು. ಮುಂಬಯಿಯ ಗಿರಣಿಗಳು ಕಲ್ಲಿದ್ದಲು ಸುಟ್ಟು ಓಡುತ್ತಿದ್ದ ಕಾಲದಲ್ಲಿ ಇಲ್ಲಿ ನೂಲುವ ಕದಿರುಗಳನ್ನು ತಿರುಗಿಸಿದ್ದು ಹೊಳೆ. ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿಯ ಮಗ್ಗುಲಲ್ಲಿ ಕಾರ್ಮಿಕರ ಸಾಲುಮನೆಗಳಾದ ಚಾಳುಗಳು ಎದ್ದದ್ದೂ ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಬಂದು, ಒಣಗಿದ ಬಂಡೆಯನ್ನು ನೋಡಿ 'ಇಷ್ಟೇನಾ' ಎಂದು ಮರಳುವವರಿಗೆ ಇದನ್ನೆಲ್ಲ ಹೇಳುವವರು ಯಾರು?

ನನ್ನ ತಂದೆ ನೂಲುವ ಖಾತೆಯಲ್ಲಿದ್ದರು. ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗಿದರೆ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿತ್ತು, ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಕಿವಿ ಮಂದವಾದ ಮೇಲೂ ಅವರು ಧಬಧಬೆಯ ಸದ್ದು ತಮಗೆ ಕೇಳಿಸುತ್ತದೆ ಎನ್ನುತ್ತಿದ್ದರು, ನಾವು ಹೌದೆನ್ನುತ್ತಿದ್ದೆವು. ಫಲಕವನ್ನು ನೋಡಬೇಕೆಂದಿದ್ದ ಅವರು ಅರ್ಜಿಯ ಮೂರನೆಯ ವರ್ಷದಲ್ಲಿ ತೀರಿಕೊಂಡರು.

ಆಮೇಲೆ ನಡೆದದ್ದನ್ನು ತಾವು ಗಮನವಿಟ್ಟು ಓದಬೇಕು. ಕಚೇರಿಯೊಂದರಲ್ಲಿ ಎರಡು ಗಂಟೆ ನಿಲ್ಲಿಸಿದ ಮೇಲೆ ಒಬ್ಬ ಮಹನೀಯರು ನನ್ನ ಅರ್ಜಿಯನ್ನು ತಿರುವಿ, "ಗಿರಣಿಯಿಂದಲೇ ಊರಾಯಿತು ಅನ್ನುವುದಕ್ಕೆ ದಾಖಲೆ ತನ್ನಿ" ಎಂದರು. ತಂದೆಯ ಹಾಜರಿ ಚೀಟಿಯನ್ನು ತೋರಿಸಿದೆ. "ಇದು ಖಾಸಗಿ ಕಾಗದ, ನಡೆಯುವುದಿಲ್ಲ" ಎಂದರು. ಹಾಗಾದರೆ ಗಿರಣಿಯ ಗೋಡೆಯನ್ನೇ ಕಿತ್ತು ತಂದು, ಪ್ರತಿ ಕಲ್ಲಿಗೂ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಬೇಕಿತ್ತೇ? ಹಾಗೆ ಕೇಳಲು ಅಂದು ಬಾಯಿ ಬರಲಿಲ್ಲ. ಚೀಟಿಯನ್ನು ಮಡಚಿಕೊಂಡು ಬಂದೆ.

ಮಾಹಿತಿ ಹಕ್ಕಿನ 30 ದಿನಗಳ ಗಡುವನ್ನಾಗಲಿ, ಅರ್ಜಿಗೆ ಸ್ವೀಕೃತಿ ಕೊಡಬೇಕೆಂಬ ಕಟ್ಟಳೆಯನ್ನಾಗಲಿ ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಮಗೆ ಫಲಕ ಬೇಕು. ಅದು ಕನ್ನಡದಲ್ಲಿರಬೇಕು, ಹೊಳೆ, ಬಂಡೆ, ಗಿರಣಿ ಮೂರರ ನಂಟೂ ಅದರಲ್ಲಿರಬೇಕು, ಅಲ್ಲಿ ದುಡಿದವರ ಚಾಳುಗಳ ಮಾತೂ ಒಂದು ಸಾಲಿನಷ್ಟಾದರೂ ಇರಬೇಕು. ಉದ್ಘಾಟನೆಗೆ ಶಾಮಿಯಾನ, ಹಾರ, ಭಾಷಣ ಯಾವುದೂ ಬೇಡ, ಫಲಕ ಬೇಕು. ನೀರಿಗೆ ಇಳಿಯಬಾರದೆಂದು ಎಚ್ಚರಿಸಲು ಹಲಗೆ ಸಿಗುವಾಗ ಇದಕ್ಕೂ ಒಂದು ಹಲಗೆ ಸಿಗಬಾರದೇ?

ಫಲಕದ ಬರಹವನ್ನು ಐದನೆಯ ಬಾರಿಗೆ ಇದರೊಂದಿಗೆ ಲಗತ್ತಿಸಿದ್ದೇನೆ. ಹಿಂದಿನ ನಾಲ್ಕು ಪ್ರತಿಗಳು ಸಿಕ್ಕಲ್ಲಿ ದಯವಿಟ್ಟು ಹಿಂದಿರುಗಿಸಿ, ಅವುಗಳ ಜೆರಾಕ್ಸ್ ಖರ್ಚಾದರೂ ಉಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಗಿರಣಿ ಕಾರ್ಮಿಕರೊಬ್ಬರ ಮಗ